ಪಾಸ್‌ಪೋರ್ಟಿನ ಫೋಟೊ ಯಾಕೆ ಮಾಸಿತು? ‘ದಿ ಕಿಲ್ಲಿಂಗ್ ಫೀಲ್ಡ್ಸ್’ ಕುರಿತು ಒಂದು ಚರ್ಚೆ

ರೀಲುಗಾರ

1984ರ ಈ ಸಿನಿಮಾದ ಬಗ್ಗೆ ಕನ್ನಡದಲ್ಲಿ ವಿವರವಾದ ಮಾತುಕತೆ ಕಡಿಮೆ. ಹಾಗಾಗಿ ಈ ಎಳೆ. ಫಿಲಂ ಸೊಸೈಟಿಗಳಲ್ಲಿ ತೋರಿಸುವವರಿಗೂ ಉಪಯೋಗವಾಗಲಿ.

ಮೊದಲು ಮೂಲ ಸಂಗತಿ. ನಿರ್ದೇಶಕ ರೋಲಂಡ್ ಜೋಫೆ, ಅವರಿಗೆ ಇದು ಮೊದಲ ಚಲನಚಿತ್ರ. ನಿರ್ಮಾಪಕ ಡೇವಿಡ್ ಪಟ್ನಮ್, ಚಿತ್ರಕಥೆ ಬ್ರೂಸ್ ರಾಬಿನ್ಸನ್, ಕ್ಯಾಮೆರಾ ಕ್ರಿಸ್ ಮೆಂಗೆಸ್, ಸಂಕಲನ ಜಿಮ್ ಕ್ಲಾರ್ಕ್, ಸಂಗೀತ ಮೈಕ್ ಓಲ್ಡ್‌ಫೀಲ್ಡ್. ಅವಧಿ 141 ನಿಮಿಷ. ನ್ಯೂಯಾರ್ಕ್ ಟೈಮ್ಸ್ ವರದಿಗಾರ ಸಿಡ್ನಿ ಶಾನ್‌ಬರ್ಗ್ ತಮ್ಮ ಕಾಂಬೋಡಿಯಾದ ಸಹೋದ್ಯೋಗಿ ದಿತ್ ಪ್ರಾನ್ ಬಗ್ಗೆ 1980ರ ಜನವರಿಯಲ್ಲಿ ಆ ಪತ್ರಿಕೆಯ ಭಾನುವಾರದ ಮ್ಯಾಗಜಿನ್‌ಗೆ ಬರೆದ ದೀರ್ಘ ಲೇಖನವೇ ಕಥೆಯ ಮೂಲ.

ಕಥೆ ಗೊತ್ತಿಲ್ಲದವರಿಗೆ: 1975ರ ಏಪ್ರಿಲ್ 17ರಂದು ಕಮ್ಯುನಿಸ್ಟ್ ಬಂಡುಕೋರರಾದ ಖ್ಮೇರ್ ರೂಜ್ ಪಡೆ ಕಾಂಬೋಡಿಯಾದ ರಾಜಧಾನಿ ಫ್ನಾಮ್ ಪೆನ್ ನಗರಕ್ಕೆ ನುಗ್ಗುತ್ತದೆ. ವಿದೇಶಿ ಪತ್ರಕರ್ತರು ಫ್ರೆಂಚ್ ರಾಯಭಾರ ಕಚೇರಿ ಸೇರುತ್ತಾರೆ. ಅಲ್ಲಿಂದ ವಿದೇಶಿಯರು ಬದುಕಿ ಹೊರಬರುತ್ತಾರೆ, ಪ್ರಾನ್ ಮಾತ್ರ ಹೊಲಗಳ ಕಡೆಗೆ ತಳ್ಳಲ್ಪಡುತ್ತಾರೆ. ಮುಂದಿನ ನಾಲ್ಕೂವರೆ ವರ್ಷ ಅವರು ಹೇಗೆ ಜೀವ ಉಳಿಸಿಕೊಂಡರು ಎಂಬುದು ಸಿನಿಮಾದ ದ್ವಿತೀಯಾರ್ಧ.

ಚರ್ಚೆಗೆ ಒಂದು ದೃಶ್ಯದಿಂದ ಶುರು ಮಾಡೋಣ. ಪ್ರಾನ್‌ರನ್ನು ವಿದೇಶಿಯ ಎಂದು ತೋರಿಸಲು ರಾಯಭಾರ ಕಚೇರಿಯೊಳಗೆ ಗೆಳೆಯರು ಒಂದು ಬ್ರಿಟಿಷ್ ಪಾಸ್‌ಪೋರ್ಟ್ ತಿದ್ದುತ್ತಾರೆ. ಕೈಗೆ ಸಿಕ್ಕ ರಾಸಾಯನಿಕದಲ್ಲೇ ಫೋಟೊ ತೊಳೆದು ಅಂಟಿಸುತ್ತಾರೆ. ಸ್ವಲ್ಪ ಹೊತ್ತಿಗೆ ಮುಖ ಮಾಸಿಹೋಗಿರುತ್ತದೆ. ತಾಂತ್ರಿಕವಾಗಿ ಇದು ಹೀಗೇ ಆಗುತ್ತದೆಯೇ?

ಹುಣಸೆಮರ

ಒಳ್ಳೆಯ ಪ್ರಶ್ನೆ ಸರ್. ಡೆವಲಪರ್, ಅಂದರೆ ಚಿತ್ರ ಮೂಡಿಸುವ ದ್ರಾವಣ, ಸಾಕಾಗಲಿಲ್ಲ ಅಂತ ಎಲ್ಲ ಕಡೆ ಬರೆದಿರುತ್ತದೆ. ಮೂಡಿದ ಚಿತ್ರವನ್ನು ಕಾಯಂ ಮಾಡುವ (ಫಿಕ್ಸ್ ಮಾಡುವ) ಹೈಪೊ ಇಲ್ಲದ್ದಕ್ಕೆ ಅಂತಲೂ ಹೇಳುತ್ತಾರೆ. ಯಾವುದು ಸರಿ?

ಕತ್ತಲಕೋಣೆ

ಎರಡರ ಪರಿಣಾಮ ಬೇರೆ ಬೇರೆ. ಕ್ರಮವಾಗಿ ನೋಡೋಣ.

ಕಪ್ಪು-ಬಿಳುಪು ಪ್ರಿಂಟಿಗೆ ನಾಲ್ಕು ಹಂತ. ಬೆಳಕು ಬಿದ್ದ ಬ್ರೋಮೈಡ್ ಪೇಪರನ್ನು, ಅಂದರೆ ಬೆಳ್ಳಿಯ ಲವಣ ಬಳಿದ ಫೋಟೊ ಕಾಗದವನ್ನು, ಮೊದಲು ಡೆವಲಪರಿನಲ್ಲಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಂದೂವರೆಯಿಂದ ಎರಡು ನಿಮಿಷ ಆಡಿಸಬೇಕು. ಆಮೇಲೆ ಶೇಕಡಾ 1ರಿಂದ 2ರಷ್ಟು ಅಸಿಟಿಕ್ ಆಮ್ಲದ ನೀರಿನಲ್ಲಿ ಅರ್ಧ ನಿಮಿಷ. ಅದು ಇಲ್ಲದಿದ್ದರೆ ಬರಿ ನೀರೂ ನಡೆಯುತ್ತದೆ. ಮೂರನೆಯದು ಹೈಪೊ, ಅಂದರೆ ಸೋಡಿಯಂ ಥಯೋಸಲ್ಫೇಟ್. ಲೀಟರಿಗೆ 200ರಿಂದ 250 ಗ್ರಾಂ, ಐದರಿಂದ ಹತ್ತು ನಿಮಿಷ. ಕೊನೆಗೆ ಹರಿಯುವ ನೀರಿನಲ್ಲಿ ತೊಳೆಯುವುದು. ಆಗಿನ ಫೈಬರ್ ಪೇಪರಿಗೆ ಹೆಚ್ಚುಕಡಿಮೆ ಒಂದು ಗಂಟೆ ಬೇಕಿತ್ತು.

ಡೆವಲಪರ್ ಸತ್ತಿದ್ದರೆ ಚಿತ್ರ ಮೊದಲೇ ಮಂಕಾಗಿ ಬರುತ್ತದೆ. ಬಂದ ಮೇಲೆ ಮಾಯವಾಗುವುದಿಲ್ಲ. ಹೈಪೊ ಇಲ್ಲದಿದ್ದರೆ ಬೆಳಕು ಕಾಣದ ಬೆಳ್ಳಿಯ ಲವಣ ಕಾಗದದಲ್ಲೇ ಉಳಿದಿರುತ್ತದೆ. ಪ್ರಿಂಟನ್ನು ಹಗಲ ಬೆಳಕಿಗೆ ತಂದೊಡನೆ ಆ ಬಿಳಿಯ ಭಾಗಗಳು ನಸುನೇರಳೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತವೆ. ಮುಖ ಅಳಿಸುವುದಿಲ್ಲ, ಸುತ್ತಲಿನ ಕಾಗದವೇ ಕಪ್ಪಾಗಿ ಮುಖವನ್ನು ನುಂಗುತ್ತದೆ. ಕಿಟಕಿಯ ಬೆಳಕಿನಲ್ಲಿ ನಿಮಿಷಗಳಲ್ಲೇ ಇದು ಕಣ್ಣಿಗೆ ಕಾಣುತ್ತದೆ.

ಸಿನಿಮಾದಲ್ಲಿ ಆಗುವಂತೆ ತೆಳುವಾಗಿ ಮಾಸಬೇಕಾದರೆ ಬೇರೆ ಕಾರಣ ಬೇಕು. ಹುಳಿ ಹೆಚ್ಚಿರುವ ಹೈಪೊದಲ್ಲಿ ಪ್ರಿಂಟನ್ನು ಗಂಟೆಗಟ್ಟಲೆ ಮರೆತುಬಿಟ್ಟರೆ ಸೂಕ್ಷ್ಮ ಬೆಳ್ಳಿಯ ಕಣ ಕರಗಿ ಮುಖದ ನಸುಛಾಯೆ ಮೊದಲು ಹೋಗುತ್ತದೆ. ಅಥವಾ ಹೈಪೊ ತೊಳೆಯದೆ ಉಳಿದರೆ ಸೆಕೆ, ತೇವ ಎರಡೂ ಸೇರಿ ಹಳದಿಯಾಗಿ ಮಾಸುತ್ತದೆ, ಅದಕ್ಕೆ ವಾರಗಳು ಬೇಕು. ಒಂದು ರಾತ್ರಿಯಲ್ಲಿ ಆಗುವ ಕೆಲಸವಲ್ಲ.

ಒಟ್ಟಿನಲ್ಲಿ ರಸಾಯನಶಾಸ್ತ್ರದ ಲೆಕ್ಕದಲ್ಲಿ ಆ ಫೋಟೊ ಕಪ್ಪಾಗಬೇಕಿತ್ತು. ತೆರೆಯ ಮೇಲೆ ಮನುಷ್ಯ ಅಳಿಸಿಹೋಗುವುದನ್ನು ತೋರಿಸಬೇಕಾದ್ದರಿಂದ ಮಾಸಿದೆ. ಆ ಆಯ್ಕೆ ಸರಿ ಅನ್ನಿಸುತ್ತದೆ.

ಹುಣಸೆಮರ

ಏಪ್ರಿಲ್ ತಿಂಗಳ ಫ್ನಾಮ್ ಪೆನ್ ಸೆಕೆಯಲ್ಲಿ 20 ಡಿಗ್ರಿ ನೀರು ಎಲ್ಲಿಂದ ತರೋದು?

ಕತ್ತಲಕೋಣೆ

ತರಲಾಗದು. ಅಲ್ಲಿ ಏಪ್ರಿಲ್ ಎಂದರೆ ಮಧ್ಯಾಹ್ನ 35 ಡಿಗ್ರಿ ದಾಟುತ್ತದೆ, ತೊಟ್ಟಿಯ ನೀರೇ 30ರ ಹತ್ತಿರ. ಆ ಬಿಸಿಯಲ್ಲಿ ಡೆವಲಪರ್ ವಿಪರೀತ ಚುರುಕಾಗಿ ಚಿತ್ರದ ಮೇಲೆ ಬೂದು ಮಸುಕು ಕೂರುತ್ತದೆ. ಬೆಳ್ಳಿಯನ್ನು ಹಿಡಿದಿಡುವ ಅಂಟಾದ ಜೆಲಾಟಿನ್ ಊದಿಕೊಂಡು ಫಿಲಂನ ಅಂಚಿನಿಂದ ಪೊರೆ ಏಳುತ್ತದೆ, ಬೆರಳು ತಾಗಿದರೆ ಕಿತ್ತುಬರುತ್ತದೆ. ಬಿಸಿ ದ್ರಾವಣದಿಂದ ತಣ್ಣನೆ ನೀರಿಗೆ ಹಾಕಿದರಂತೂ ಒಣಗಿದ ಕೆರೆಯ ತಳದ ಹಾಗೆ ಬಿರುಕು ಬಿಡುತ್ತದೆ.

ಉಷ್ಣವಲಯದ ಸ್ಟುಡಿಯೊಗಳಲ್ಲಿ ಇದಕ್ಕೆ ಪಾಠ ಇತ್ತು: ಡೆವಲಪರಿಗೆ ಸೋಡಿಯಂ ಸಲ್ಫೇಟ್ ಲೀಟರಿಗೆ 50ರಿಂದ 100 ಗ್ರಾಂ ಸೇರಿಸಿದರೆ ಜೆಲಾಟಿನ್ ಊದುವುದು ಕಡಿಮೆ. ನಡುವೆ ಕ್ರೋಮ್ ಆಲಮ್ ಎಂಬ ಲವಣದ ನೀರಿನಲ್ಲಿ ಅದ್ದಿ ಗಟ್ಟಿ ಮಾಡುವುದು. ಎಲ್ಲ ದ್ರಾವಣಗಳನ್ನೂ ಒಂದೇ ಬಿಸಿಯಲ್ಲಿಡುವುದು, ಅದು 30 ಆದರೂ ಸರಿ, ಆದರೆ ಎಲ್ಲವೂ 30.

ಹೈಪೊ ಇಲ್ಲದಿದ್ದರೆ ಅಡುಗೆ ಉಪ್ಪು! ಲೀಟರಿಗೆ 300 ಗ್ರಾಂ ಕರಗಿಸಿ ಒಂದು ದಿನ ಅದ್ದಿಟ್ಟರೆ ನಿಧಾನವಾಗಿ ಫಿಕ್ಸ್ ಆಗುತ್ತದೆ. ಬೆಳ್ಳಿಯ ಚಿತ್ರವನ್ನು ಉಪ್ಪುನೀರಿನಲ್ಲಿ ಉಳಿಸಿಕೊಳ್ಳುವುದು 1830ರ ದಶಕದ, ಛಾಯಾಗ್ರಹಣದ ಆದ್ಯರಲ್ಲೊಬ್ಬರಾದ ಟಾಲ್ಬಟ್ ಕಾಲದಿಂದ ಗೊತ್ತಿರುವ ವಿಷಯ. ಆದರೆ ಒಂದು ದಿನದ ಸಮಯ ಬೇಕು. ಕಾಫಿಪುಡಿ, ವಾಷಿಂಗ್ ಸೋಡಾ ಸೇರಿಸಿ ಡೆವಲಪರ್ ಮಾಡುವ ವಿಧಾನ ಬಂದದ್ದು 1995ರಲ್ಲಿ, ಅದನ್ನು ಇಲ್ಲಿ ಎತ್ತಿ ಪ್ರಯೋಜನ ಇಲ್ಲ.

ತಂತಿಸುದ್ದಿ

ಫೋಟೊ ಚೆನ್ನಾಗಿ ಬಂದಿದ್ದರೂ ಪ್ರಾನ್ ಪಾರಾಗುತ್ತಿದ್ದರು ಎಂದು ಹೇಳಲಾಗದು. ಇದನ್ನು ಮರೆಯಬಾರದು.

ಪಾಸ್‌ಪೋರ್ಟ್ ತಿದ್ದಲು ಹೊರಟದ್ದು ನಿಜ ಘಟನೆ. ಬ್ರಿಟಿಷ್ ಪತ್ರಕರ್ತ ಜಾನ್ ಸ್ವೇನ್ ಹತ್ತಿರ ಎರಡನೆಯ ಪಾಸ್‌ಪೋರ್ಟ್ ಇತ್ತು. ಅವರ ಉದ್ದ ಹೆಸರಿನ ನಡುವಿನ ಭಾಗವನ್ನಷ್ಟೇ ಉಳಿಸಿ ಪ್ರಾನ್‌ಗೆ ಕೊಡುವ ಯೋಚನೆ. ಡಾರ್ಕ್‌ರೂಮಿನ ನಾಟಕ ಮಾತ್ರ ಸಿನಿಮಾ ಬೆಳೆಸಿದ್ದು. ನಿಜದಲ್ಲಿ ಯೋಜನೆ ಕೈಬಿಟ್ಟದ್ದು ಸಿಕ್ಕಿಬೀಳುವುದು ಖಚಿತ ಅನ್ನುವ ಕಾರಣಕ್ಕೆ. ಆ ಕಾಲದ ಪಾಸ್‌ಪೋರ್ಟಿನಲ್ಲಿ ಉಬ್ಬುಮುದ್ರೆ ಅರ್ಧ ಫೋಟೊ ಮೇಲೆ, ಅರ್ಧ ಪುಟದ ಮೇಲೆ ಇರುತ್ತದೆ. ಹೊಸ ಫೋಟೊ ಮೇಲೆ ಅದನ್ನು ಕೂರಿಸುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ಮುಖ ಮತ್ತು ನಾಲಿಗೆ ಖ್ಮೇರ್, ಅಂದರೆ ಕಾಂಬೋಡಿಯಾದ್ದು. ಸಿಕ್ಕಿಬಿದ್ದರೆ ಪ್ರಾನ್ ಒಬ್ಬರೇ ಅಲ್ಲ, ಒಳಗಿದ್ದ ಉಳಿದವರ ಜೀವಕ್ಕೂ ಕುತ್ತು.

ರಾಯಭಾರ ಕಚೇರಿಯ ಆವರಣದಲ್ಲಿದ್ದ ಕಾಂಬೋಡಿಯನ್ನರೆಲ್ಲ ಹೊರಗೆ ಹೋಗಬೇಕೆಂದು ಖ್ಮೇರ್ ರೂಜ್ ಹಟ ಹಿಡಿಯಿತು. ಏಪ್ರಿಲ್ 20ರ ಸುಮಾರಿಗೆ ಪ್ರಾನ್ ಗೇಟು ದಾಟಿದರು. ವಿದೇಶಿಯರ ಮೊದಲ ಲಾರಿ ಸಾಲು ಏಪ್ರಿಲ್ 30ರಂದು ಹೊರಟು ಮೇ 3ರಂದು ಪಾಯ್‌ಪೆಟ್ ಬಳಿ ಥಾಯ್ ಗಡಿ ದಾಟಿತು. ಒಂದೇ ಅಂಗಳದಲ್ಲಿ ಮಲಗಿದ್ದವರಲ್ಲಿ ಯಾರು ಉಳಿಯಬೇಕು ಎಂಬುದನ್ನು ಕಾಗದ ತೀರ್ಮಾನಿಸಿತು.

ಹುಣಸೆಮರ

ಶಾನ್‌ಬರ್ಗ್ ಗಡಿ ದಾಟಿದ ತಕ್ಷಣ ಸುದ್ದಿ ಕಳಿಸಿದರಾ?

ತಂತಿಸುದ್ದಿ

ಇಲ್ಲ. ಒಳಗಿದ್ದ ಪತ್ರಕರ್ತರು ತಮ್ಮಲ್ಲೇ ಒಂದು ಒಪ್ಪಂದ ಮಾಡಿಕೊಂಡಿದ್ದರು: ಎರಡನೆಯ ಲಾರಿ ಸಾಲಿನ ಜನ ಗಡಿ ದಾಟುವವರೆಗೆ ಯಾರೂ ಬರೆಯಕೂಡದು, ಮುಂಚೆಯೇ ಅಚ್ಚಾದರೆ ಹಿಂದೆ ಉಳಿದವರಿಗೆ ಅಪಾಯ. ಶಾನ್‌ಬರ್ಗ್ ಅದನ್ನು ಪಾಲಿಸಿದರು. ಅವರ ದೀರ್ಘ ವರದಿ ಟೈಮ್ಸ್‌ನಲ್ಲಿ ಬಂದದ್ದು ಮೇ 9ಕ್ಕೆ. ಗಡಿ ದಾಟಿದ ಮೇಲೂ ದಿನಗಳ ಕಾಲ ಇಟ್ಟುಕೊಂಡ ಜಗತ್ತಿನ ದೊಡ್ಡ ಸುದ್ದಿ.

ಆಗ ಸುದ್ದಿ ಕಳಿಸುವುದೆಂದರೆ ಏನು ಎಂಬುದನ್ನೂ ಹೇಳುತ್ತೇನೆ, ಮೊದಲಾರ್ಧದ ಧಾವಂತ ಆಗ ಅರ್ಥವಾಗುತ್ತದೆ. ಟೈಪ್‌ರೈಟರಿನಲ್ಲಿ ಬರೆದದ್ದನ್ನು ಟೆಲೆಕ್ಸ್ (ತಂತಿಯ ಮೂಲಕ ಅಕ್ಷರ ಕಳಿಸುವ ಯಂತ್ರ) ಆಪರೇಟರ್ ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ಇಟ್ಟುಕೊಳ್ಳುತ್ತಾನೆ, ಒಂದು ಅಕ್ಷರಕ್ಕೆ ಐದು ಸ್ಥಾನ. ಲೈನು ಸಿಕ್ಕಾಗ ಪಟ್ಟಿಯನ್ನು ಯಂತ್ರದಲ್ಲಿ ಓಡಿಸುತ್ತಾನೆ. 50 ಬಾಡ್ ವೇಗ, ಅಂದರೆ ನಿಮಿಷಕ್ಕೆ 66 ಪದಗಳ ಆಸುಪಾಸು. 1200 ಪದದ ವರದಿಗೆ ಹೆಚ್ಚುಕಡಿಮೆ 18 ನಿಮಿಷ ಲೈನು ತುಂಡಾಗದೆ ಇರಬೇಕು. ಮುತ್ತಿಗೆ ಬಿದ್ದ ಊರಿನಲ್ಲಿ ಕರೆಂಟು ಹೋಗದಂತೆ, ಆಪರೇಟರ್ ಕುರ್ಚಿ ಬಿಟ್ಟು ಏಳದಂತೆ ನೋಡಿಕೊಳ್ಳುವವರು ಯಾರು? ಪ್ರಾನ್. ಕಾರು, ಪೆಟ್ರೋಲು, ಚೆಕ್‌ಪೋಸ್ಟಿನ ಸಿಪಾಯಿ, ಆಸ್ಪತ್ರೆಯ ದಾದಿ, ಯಾರನ್ನು ಎಷ್ಟು ಹೊತ್ತಿಗೆ ಹೇಗೆ ಮಾತಾಡಿಸಬೇಕು, ಎಲ್ಲವೂ ಅವರದೇ. ಶಾನ್‌ಬರ್ಗ್ ಜೊತೆ ದುಭಾಷಿಯಾಗಿ ಸೇರಿದ ಅವರನ್ನು 1973ರಲ್ಲಿ ಟೈಮ್ಸ್ ಸ್ಟ್ರಿಂಗರ್, ಅಂದರೆ ಕಾಯಂ ಅಲ್ಲದ ಸ್ಥಳೀಯ ವರದಿಗಾರ, ಆಗಿ ತೆಗೆದುಕೊಂಡಿತು. ನಮ್ಮ ಪತ್ರಿಕೆಗಳ ತಾಲ್ಲೂಕು ಸ್ಟ್ರಿಂಗರ್‌ಗಳನ್ನು ಬಲ್ಲವರಿಗೆ ಈ ಸಂಬಂಧದ ಏರುಪೇರು ವಿವರಿಸಬೇಕಿಲ್ಲ. ಬೈಲೈನು, ಅಂದರೆ ವರದಿಯ ಮೇಲಿನ ಹೆಸರು, ಒಬ್ಬರದು, ಊರು ಇನ್ನೊಬ್ಬರದು.

ಮುಂಗಾರುಮೋಡ

ಏಪ್ರಿಲ್ 17ರ ಬಂಧನದ ದೃಶ್ಯ ಸಿನಿಮಾದವರ ಕಲ್ಪನೆಯೇ? ಅಷ್ಟು ಹೊತ್ತು ಕೈಮುಗಿದು ಬೇಡಿಕೊಳ್ಳುವುದು...

ತಂತಿಸುದ್ದಿ

ನಿಜ ಘಟನೆ ಮೇಡಂ. ಪ್ರಿಯಾ ಕೇತ್ ಮಿಯಾಲಿಯಾ ಆಸ್ಪತ್ರೆ ನೋಡಿ ಹೊರಬರುವಾಗ ಶಾನ್‌ಬರ್ಗ್, ಸ್ವೇನ್, ಛಾಯಾಗ್ರಾಹಕ ಆಲ್ ರಾಕಾಫ್ ಮೂವರನ್ನೂ ಬಂದೂಕು ತೋರಿಸಿ ಕವಚವಾಹನದೊಳಗೆ ತಳ್ಳಿದರು. ಪ್ರಾನ್‌ಗೆ ‘ನೀನು ಹೋಗು’ ಅಂದರು. ಅವರು ಹೋಗಲಿಲ್ಲ, ‘ನನ್ನನ್ನೂ ಹತ್ತಿಸಿಕೊಳ್ಳಿ’ ಎಂದು ವಾದಿಸಿ ಹತ್ತಿದರು. ತಾನು ಜೊತೆಗಿಲ್ಲದಿದ್ದರೆ ಇವರ ಪರವಾಗಿ ಖ್ಮೇರ್ ಭಾಷೆಯಲ್ಲಿ ಮಾತಾಡುವವರೇ ಇಲ್ಲ, ಕೊಂದುಹಾಕುತ್ತಾರೆ ಎಂದು ಅವರಿಗೆ ಗೊತ್ತಿತ್ತು. ನದೀತೀರದಲ್ಲಿ ಗಂಟೆಗಟ್ಟಲೆ ‘ಇವರು ಫ್ರೆಂಚರು, ನಿಮ್ಮ ಗೆಲುವಿನ ಸುದ್ದಿ ಬರೆಯಲು ಬಂದವರು’ ಎಂದು ಹೇಳಿ ಹೇಳಿ ಬಿಡಿಸಿಕೊಂಡರು.

ಆ ದೃಶ್ಯದಲ್ಲಿ ವಾಹನದ ಬಾಗಿಲ ಹತ್ತಿರದ ಕೆಲವು ಕ್ಷಣ ಗಮನಿಸಿ. ಒಳಗಿನ ಮೂವರಿಗೆ ಹೊರಗೆ ಏನು ಮಾತಾಗುತ್ತಿದೆ ಎಂದು ತಿಳಿಯುವುದಿಲ್ಲ, ಪ್ರೇಕ್ಷಕರಿಗೂ ಇಲ್ಲ. ಪ್ರಾನ್ ತಪ್ಪಿಸಿಕೊಳ್ಳಲು ಗೋಗರೆಯುತ್ತಿದ್ದಾರೆ ಎಂದೇ ಅನ್ನಿಸುತ್ತದೆ. ಆಮೇಲೆ ಗೊತ್ತಾಗುತ್ತದೆ, ಒಳಗೆ ಬರಲು ಎಂದು.

ರೀಲುಗಾರ

ಅದಕ್ಕೇ ಸಿನಿಮಾದಲ್ಲಿ ಬಹಳಷ್ಟು ಖ್ಮೇರ್ ಮಾತಿಗೆ ಸಬ್‌ಟೈಟಲ್ ಇಟ್ಟಿಲ್ಲ. ತೋರಿಸುವವರು ಇದನ್ನು ಮೊದಲೇ ಹೇಳಬೇಕು, ಇಲ್ಲದಿದ್ದರೆ ಅರ್ಧ ಸಭೆ ‘ಸಬ್‌ಟೈಟಲ್ ಕೆಟ್ಟಿದೆ’ ಎಂದು ಪ್ರೊಜೆಕ್ಟರ್ ಕಡೆ ತಿರುಗುತ್ತದೆ. ಅಂತರ್ಜಾಲದಲ್ಲಿ ಸಿಗುವ ಕೆಲವು ಸಬ್‌ಟೈಟಲ್ ಕಡತಗಳಲ್ಲಿ ಖ್ಮೇರ್ ಸಾಲುಗಳನ್ನೂ ಇಂಗ್ಲಿಷಿಗೆ ತಂದು ಸೇರಿಸಿರುತ್ತಾರೆ. ಅಂಥವನ್ನು ಬಳಸಬೇಡಿ. ಪ್ರದರ್ಶನದ ಹಿಂದಿನ ದಿನ ಬಂಧನದ ದೃಶ್ಯಕ್ಕೆ ಓಡಿಸಿ ಒಮ್ಮೆ ಪರೀಕ್ಷಿಸಿ.

ಮಧ್ಯಂತರ ಬೇಕೇಬೇಕು ಎನ್ನುವ ಸಭಾಂಗಣವಾದರೆ ಪ್ರಾನ್ ಗೇಟಿನಿಂದ ಹೊರನಡೆಯುವ ದೃಶ್ಯ ಮುಗಿದ ಮೇಲೆ ಕೊಡಿ. ಅದಕ್ಕೆ ಮುಂಚೆ ಎಲ್ಲಿ ನಿಲ್ಲಿಸಿದರೂ ಬಿಗಿ ಸಡಿಲುತ್ತದೆ. ಚೌಕಟ್ಟು 1.85:1, ಹಳೆಯ ಟಿವಿ ಪ್ರತಿಗಳಲ್ಲಿ ಪಕ್ಕ ಕತ್ತರಿಸಿರುತ್ತದೆ. ನಗರ ಖಾಲಿ ಮಾಡಿಸುವ ದೃಶ್ಯದಲ್ಲಿ ಜನಸಾಗರದ ಅಂಚೇ ಕಾಣುವುದಿಲ್ಲ. ಶಬ್ದದ ಏರಿಳಿತವೂ ಜಾಸ್ತಿ. ಪಿಸುಮಾತಿಗೆ ವಾಲ್ಯೂಮ್ ಹೊಂದಿಸಿದರೆ ಹೆಲಿಕಾಪ್ಟರ್ ಬಂದಾಗ ಸ್ಪೀಕರ್ ಒಡೆದಂತಾಗುತ್ತದೆ. ಹೆಲಿಕಾಪ್ಟರ್ ದೃಶ್ಯಕ್ಕೆ ಹೊಂದಿಸಿ ಅಲ್ಲೇ ಬಿಡಿ.

ಶಬ್ದಮೂಲ

ಸಬ್‌ಟೈಟಲ್ ಇಲ್ಲದ ಮಾತಿನಲ್ಲೂ ಕನ್ನಡಿಗರ ಕಿವಿಗೆ ಸಿಗುವ ಪದಗಳಿವೆ.

‘ಅಂಗ್ಕಾ’ ಎಂದು ಪದೇ ಪದೇ ಕೇಳುತ್ತದೆ. ಖ್ಮೇರ್ ರೂಜ್ ಪಕ್ಷ ತನ್ನನ್ನು ಹಾಗೆ ಕರೆದುಕೊಳ್ಳುತ್ತಿತ್ತು, ‘ಸಂಸ್ಥೆ’ ಎಂಬ ಅರ್ಥ. ಬರವಣಿಗೆಯಲ್ಲಿ ಅದು ‘ಅಂಗಕಾರ’, ನಮ್ಮ ಅಂಗ, ನಮ್ಮ ಕಾರ. ಕೊನೆಯ ರಕಾರ ಉಚ್ಚಾರದಲ್ಲಿ ಬಿದ್ದುಹೋಗುತ್ತದೆ. ಅವರ ಗುಪ್ತ ಪೊಲೀಸ್ ಪಡೆಯ ಹೆಸರು ‘ಸಾಂತೆಬಾಲ್’, ಮೂಲ ‘ಶಾಂತಿಪಾಲ’. ತೂಲ್ ಸ್ಲೆಂಗ್ ಶಾಲೆಯನ್ನು ಎಸ್-21 ಎಂಬ ಚಿತ್ರಹಿಂಸೆಯ ಜೈಲಾಗಿ ನಡೆಸಿದ್ದು ಈ ಶಾಂತಿಪಾಲರೇ.

ಎಲ್ಲಕ್ಕಿಂತ ಎದೆಗೆ ತಾಗುವುದು ‘ಮಿತ್’. ನಮ್ಮ ಮಿತ್ರ. ಖ್ಮೇರ್ ಸಮಾಜದಲ್ಲಿ ನಮ್ಮ ಹಾಗೆಯೇ ವಯಸ್ಸು, ಸಂಬಂಧ ನೋಡಿ ಕರೆಯುತ್ತಾರೆ. ಹಿರಿಯರಿಗೆ ‘ಬಾಂಗ್’ ಅಂದರೆ ಅಣ್ಣನೂ ಹೌದು, ಅಕ್ಕನೂ ಹೌದು. ಖ್ಮೇರ್ ರೂಜ್ ಅದನ್ನೆಲ್ಲ ಕಿತ್ತು ಎಲ್ಲರೂ ಎಲ್ಲರನ್ನೂ ‘ಮಿತ್’ ಎನ್ನಬೇಕು ಎಂದು ಕಟ್ಟಳೆ ಮಾಡಿತು. ಗೆಳೆತನದ ಸಿನಿಮಾದಲ್ಲಿ ಗೆಳೆಯ ಎಂಬ ಪದ ಬಂದೂಕು ಹಿಡಿದವರ ಬಾಯಲ್ಲಿದೆ. ಪ್ರಾನ್ ಶಾನ್‌ಬರ್ಗ್‌ರನ್ನು ಕರೆಯುವುದು ಹೆಸರು ಹಿಡಿದೇ, ಸಿಡ್ನಿ ಎಂದು. ಹೊಲದಲ್ಲಿ ಬಿದ್ದಿರುವಾಗಲೂ ಮನಸ್ಸಿನಲ್ಲಿ ಅದೇ ಹೆಸರಿಗೆ ಮಾತಾಡುತ್ತಾರೆ.

ಇನ್ನೊಂದು. ಪ್ರಾನ್ ಪಾತ್ರ ಮಾಡಿದವರ ಕುಲನಾಮವನ್ನು ಕನ್ನಡ ಪತ್ರಿಕೆಗಳು ‘ನಗೋರ್’, ‘ಎನ್‌ಗೋರ್’ ಎಂದೆಲ್ಲ ಬರೆಯುತ್ತವೆ. ಖ್ಮೇರ್ ವರ್ಣಮಾಲೆಯೂ ನಮ್ಮಂತೆ ಕ-ವರ್ಗದಿಂದ ಹೊರಡುತ್ತದೆ, ಆ ಹೆಸರಿನ ಮೊದಲ ಅಕ್ಷರ ಆ ವರ್ಗದ ಐದನೆಯದು, ನೇರ ನಮ್ಮ ಙ. ಹಾಯಿಂಗ್ ಙೋರ್. ಶಾಲೆ ಬಿಟ್ಟ ಮೇಲೆ ನಾವು ಬಳಸದ ಅಕ್ಷರಕ್ಕೆ ಇಲ್ಲಿ ನಿಜವಾದ ಕೆಲಸ ಇದೆ.

ಮುಂಗಾರುಮೋಡ

ಙೋರ್ ನಟರೇ ಅಲ್ಲ ಅಲ್ಲವೇ? ಆ ಕಣ್ಣು ನಟನೆಯಿಂದ ಬರುವಂಥದ್ದಲ್ಲ.

ರೀಲುಗಾರ

ಅಲ್ಲ. ಫ್ನಾಮ್ ಪೆನ್‌ನಲ್ಲಿ ಸ್ತ್ರೀರೋಗ ತಜ್ಞರಾಗಿದ್ದವರು. ಓದಿದವರನ್ನು ಕೊಲ್ಲುತ್ತಿದ್ದ ಕಾಲದಲ್ಲಿ ವೈದ್ಯ ಎಂಬುದನ್ನು ಮುಚ್ಚಿಟ್ಟು, ಟ್ಯಾಕ್ಸಿ ಡ್ರೈವರ್ ಎಂದು ಹೇಳಿಕೊಂಡು ಬದುಕಿದರು. ನಿಜದ ಪ್ರಾನ್ ಕೂಡ ಹೇಳಿಕೊಂಡದ್ದು ಅದನ್ನೇ. ಙೋರ್ ಹಿಡಿಯಲ್ಪಟ್ಟು ಚಿತ್ರಹಿಂಸೆ ಅನುಭವಿಸಿದರು. ಹೆಂಡತಿ 1978ರಲ್ಲಿ ಹೆರಿಗೆಯ ತೊಂದರೆಯಲ್ಲಿ ತೀರಿಕೊಂಡರು. ಶಸ್ತ್ರಚಿಕಿತ್ಸೆಗೆ ಉಪಕರಣ ಇರಲಿಲ್ಲ, ಕೈ ಹಾಕಿದ್ದರೆ ವೈದ್ಯ ಎಂದು ಬಯಲಾಗುತ್ತಿತ್ತು. ಲಾಸ್ ಏಂಜಲೀಸಿನಲ್ಲಿ ನಿರಾಶ್ರಿತರ ನಡುವೆ ಕೆಲಸ ಮಾಡುತ್ತಿದ್ದಾಗ ಕಾಂಬೋಡಿಯನ್ ಮದುವೆಯೊಂದರಲ್ಲಿ ಪಾತ್ರ ಹುಡುಕುತ್ತಿದ್ದವರ ಕಣ್ಣಿಗೆ ಬಿದ್ದರು.

ಹಾಗಾಗಿ ‘ಓದಿದವರು, ಡಾಕ್ಟರುಗಳು ಮುಂದೆ ಬನ್ನಿ, ಅಂಗ್ಕಾಗೆ ನೀವು ಬೇಕು’ ಎಂದು ಕರೆಯುವ ದೃಶ್ಯ ಬಂದಾಗ ಙೋರ್ ಮುಖವನ್ನೇ ನೋಡಿ. ಒಬ್ಬೊಬ್ಬರೇ ನಂಬಿ ಎದ್ದು ಹೋಗುತ್ತಾರೆ. ಅವರು ತಲೆ ತಗ್ಗಿಸಿ ಕೂತಿರುತ್ತಾರೆ.

ಆಸ್ಕರ್ ಅವರಿಗೆ ಸಿಕ್ಕಿದ್ದು ಪೋಷಕ ನಟ ವಿಭಾಗದಲ್ಲಿ, 1985ರಲ್ಲಿ. ಛಾಯಾಗ್ರಹಣ ಮತ್ತು ಸಂಕಲನಕ್ಕೂ ಆಸ್ಕರ್ ಬಂತು. ಬ್ರಿಟನ್ನಿನ ಬಾಫ್ಟಾ ಮಾತ್ರ ಅವರಿಗೆ ಮುಖ್ಯ ನಟ ಪ್ರಶಸ್ತಿಯನ್ನೇ ಕೊಟ್ಟಿತು. ಬಾಫ್ಟಾದ್ದೇ ನ್ಯಾಯವಾದ ತೀರ್ಮಾನ. ಅರ್ಧ ಸಿನಿಮಾವನ್ನು ಹೆಚ್ಚುಕಡಿಮೆ ಮಾತಿಲ್ಲದೆ ಒಬ್ಬರೇ ಹೊತ್ತವರು ‘ಪೋಷಕ’ ಹೇಗಾಗುತ್ತಾರೆ? 1996ರ ಫೆಬ್ರುವರಿ 25ರಂದು ಲಾಸ್ ಏಂಜಲೀಸಿನ ಮನೆಯ ಹೊರಗೆ ದರೋಡೆಕೋರರ ಗುಂಡಿಗೆ ಅವರು ಬಲಿಯಾದರು. ಹೆಂಡತಿಯ ಚಿತ್ರವಿದ್ದ ಲಾಕೆಟ್ ಮತ್ತೆ ಸಿಗಲಿಲ್ಲ.

ಹಳ್ಳದದಂಡೆ

ಇಷ್ಟೆಲ್ಲ ಒಪ್ಪುತ್ತೇನೆ. ಆದರೂ ಇದು ಅಮೆರಿಕದ ಪತ್ರಕರ್ತನ ಪಾಪಪ್ರಜ್ಞೆಯ ಸಿನಿಮಾ ಅನ್ನುವ ಟೀಕೆ ಇದೆ. ಸತ್ತವರು 15ರಿಂದ 20 ಲಕ್ಷ ಕಾಂಬೋಡಿಯನ್ನರು, ಅತ್ತು ಮುಗಿಸುವುದು ನ್ಯೂಯಾರ್ಕಿನ ಮನೆಯೊಳಗೆ. ಕೊನೆಗೆ ಜಾನ್ ಲೆನನ್ ಹಾಡು ಬೇರೆ. ಆ ಹಾಡು ಅಲ್ಲಿ ಬೇಕಿರಲಿಲ್ಲ.

ರೀಲುಗಾರ

ಹಾಡಿನ ವಿಷಯದಲ್ಲಿ ನಿಮ್ಮ ಜೊತೆಗಿದ್ದೇನೆ. ಅಪ್ಪಿಕೊಂಡ ಇಬ್ಬರ ಮೌನ ಸಾಕಾಗಿತ್ತು. ಓಲ್ಡ್‌ಫೀಲ್ಡ್ ಅವರ ಸಿಂಥಸೈಜರ್ ಕೂಡ ಕೆಲವೆಡೆ ದೃಶ್ಯದ ಮೇಲೆ ಹತ್ತಿ ಕೂರುತ್ತದೆ.

ಉಳಿದ ಟೀಕೆ ಪೂರ್ತಿ ಒಪ್ಪಲಾರೆ. ನ್ಯೂಯಾರ್ಕಿನ ಭಾಗ ಚಿಕ್ಕದು. ಗೇಟು ದಾಟಿದ ಮೇಲೆ ಕ್ಯಾಮೆರಾ ಹೋಗುವುದು ಪ್ರಾನ್ ಹಿಂದೆ. ಗದ್ದೆಯಲ್ಲಿ ಕಟ್ಟಿದ ಎತ್ತಿನ ಕುತ್ತಿಗೆ ಕೊಯ್ದು ರಕ್ತ ಹೀರುವ ರಾತ್ರಿ, ಕಪ್ಪು ಹಲಗೆಯಲ್ಲಿ ಬರೆದ ಅಪ್ಪ-ಅಮ್ಮನ ಚಿತ್ರಕ್ಕೆ ಮಗುವೊಂದು ಎದ್ದು ಬಂದು ಗೀಟು ಹಾಕುವುದು, ಓಡುತ್ತಾ ಜಾರಿ ನೀರಿಗೆ ಬಿದ್ದಾಗ ಸುತ್ತ ತಲೆಬುರುಡೆಗಳು. ಇವ್ಯಾವುದನ್ನೂ ಶಾನ್‌ಬರ್ಗ್ ಕಣ್ಣಿನಿಂದ ತೋರಿಸಿಲ್ಲ.

ತಂತಿಸುದ್ದಿ

ಅಮೆರಿಕವನ್ನು ಸಿನಿಮಾ ಸುಮ್ಮನೆ ಬಿಟ್ಟಿಲ್ಲ ಎನ್ನಲು ನಿಯಾಕ್ ಲುವಾಂಗ್ ದೃಶ್ಯ ಸಾಕು. 1973ರ ಆಗಸ್ಟ್ ಮೊದಲ ವಾರ, ಬಿ-52 ವಿಮಾನವೊಂದು ತನ್ನದೇ ಪಕ್ಷದ ಸೈನಿಕರಿದ್ದ ಪೇಟೆಯ ಮೇಲೆ ಸುಮಾರು 20 ಟನ್ ಬಾಂಬ್ ಸುರಿಸಿತು. ಅಧಿಕೃತ ಲೆಕ್ಕದಲ್ಲೇ 137 ಸಾವು, 268 ಮಂದಿಗೆ ಗಾಯ.

ತಪ್ಪು ಹೇಗಾಯಿತೆಂದರೆ, ಪೇಟೆಯ ನಡುವೆ ರೇಡಿಯೊ ಸಂಕೇತ ಬಿಡುವ ಬೀಕನ್ ಇತ್ತು. ವಿಮಾನ ಮೊದಲು ಅದನ್ನು ಗುರುತಿಸಿ, ಅಲ್ಲಿಂದ ಇಂತಿಷ್ಟು ದೂರ, ಇಂಥ ದಿಕ್ಕು ಎಂಬ ಲೆಕ್ಕ ಸೇರಿಸಿ ನಿಜವಾದ ಗುರಿಗೆ ಹೊರಳಬೇಕು. ಆ ಲೆಕ್ಕ ಸೇರಿಸುವ ಸ್ವಿಚ್ ಒತ್ತಿರಲಿಲ್ಲ. ಯಂತ್ರಕ್ಕೆ ಬೀಕನ್ನೇ ಗುರಿಯಾಯಿತು. ನ್ಯಾವಿಗೇಟರಿಗೆ ಬಿದ್ದ ದಂಡ 700 ಡಾಲರ್.

ಅಧಿಕಾರಿಗಳು ಪತ್ರಕರ್ತರನ್ನು ಹತ್ತಿರ ಬಿಡಲಿಲ್ಲ. ಪ್ರಾನ್ ದೋಣಿ ಹೊಂದಿಸಿದರು. ಸಿನಿಮಾದಲ್ಲಿ ಇದು ಅವರ ಮೊದಲ ದೊಡ್ಡ ಕೆಲಸ.

ಹುಣಸೆಮರ

ಖ್ಮೇರ್ ರೂಜ್ ನಾಯಕನೊಬ್ಬ ತನ್ನ ಮಗನನ್ನು ಪ್ರಾನ್ ಕೈಗೆ ಒಪ್ಪಿಸುತ್ತಾನಲ್ಲ, ಅದೂ ನಿಜವೇ?

ತಂತಿಸುದ್ದಿ

ಅದು ಕಲ್ಪನೆ. ನಿಜದ ದಾರಿ ಹೀಗಿದೆ: ಪ್ರಾನ್ ಸಿಯೆಮ್ ರೀಪ್ ಕಡೆಯವರು, ತಂದೆ ಆ ಭಾಗದಲ್ಲಿ ರಸ್ತೆ ಕೆಲಸದ ಅಧಿಕಾರಿ. ರಾಜಧಾನಿಯಿಂದ ಹೊರದಬ್ಬಿದ ಮೇಲೆ ಅವರು ತಮ್ಮ ಸೀಮೆಯ ದಾಮ್ ದೆಕ್ ಎಂಬ ಹಳ್ಳಿಗೆ ಸೇರಿದರು. ಅನ್ನದ ಪಾಲು ಒಂದು ಹಂತದಲ್ಲಿ ದಿನಕ್ಕೆ ಒಂದು ಚಮಚ. ಭತ್ತ ಕದ್ದು ಸಿಕ್ಕಿಬಿದ್ದು ಸಾಯುವಂತೆ ಹೊಡೆತ ತಿಂದರು. 1979ರ ಜನವರಿಯಲ್ಲಿ ವಿಯೆಟ್ನಾಂ ಸೇನೆ ಬಂದ ಮೇಲೆ ಸಿಯೆಮ್ ರೀಪ್‌ಗೆ ಮರಳಿದರೆ ಸಹೋದರರು ಇಲ್ಲ, ಬಾವಿಗಳಲ್ಲಿ ಮೂಳೆ. ಹೊಸ ಆಡಳಿತ ಅವರನ್ನು ಊರಿನ ಮುಖ್ಯಸ್ಥರನ್ನಾಗಿ ಮಾಡಿತು. ಅಮೆರಿಕನ್ನರ ಜೊತೆ ಕೆಲಸ ಮಾಡಿದ್ದು ಬಯಲಾದಾಗ ಮತ್ತೆ ಓಡಬೇಕಾಯಿತು. ಸುಮಾರು 60 ಮೈಲಿ ಕಾಡುದಾರಿ, ಜೊತೆಗಿದ್ದ ಇಬ್ಬರು ನೆಲಬಾಂಬಿಗೆ ಸತ್ತರು. 1979ರ ಅಕ್ಟೋಬರ್ 3ರಂದು ಥಾಯ್ಲೆಂಡ್ ಸೇರಿದರು. ಸುದ್ದಿ ತಿಳಿದ ಶಾನ್‌ಬರ್ಗ್ ಹಾರಿ ಬಂದರು.

ಅದಕ್ಕೆ ಮೊದಲೇ, ಅಮೆರಿಕದ ಪತ್ರಿಕೋದ್ಯಮದ 1976ರ ಪುಲಿಟ್ಜರ್ ಪ್ರಶಸ್ತಿಯನ್ನು ಶಾನ್‌ಬರ್ಗ್ ತಮ್ಮ ಮತ್ತು ಪ್ರಾನ್ ಇಬ್ಬರ ಪರವಾಗಿ ಸ್ವೀಕರಿಸಿದ್ದರು. ಪ್ರಾನ್ ಬದುಕಿದ್ದಾರೋ ಇಲ್ಲವೋ ಆಗ ಗೊತ್ತಿರಲಿಲ್ಲ. ಸಿನಿಮಾದಲ್ಲಿ ಒಂದು ಪ್ರಶಸ್ತಿ ಸಮಾರಂಭದ ಹೊತ್ತಿಗೆ ರಾಕಾಫ್ ಪಾತ್ರ ಶಾನ್‌ಬರ್ಗ್ ಮೇಲೆ ಹರಿಹಾಯುತ್ತದೆ. ನಿಜದ ರಾಕಾಫ್ ತಮ್ಮ ಚಿತ್ರಣದ ಬಗ್ಗೆ ಬಹಳ ಅಸಮಾಧಾನ ಹೇಳಿಕೊಂಡಿದ್ದಾರೆ, ಹಾಗಾಗಿ ಆ ಜಗಳವನ್ನು ಇತಿಹಾಸ ಎಂದು ಎಲ್ಲೂ ಉಲ್ಲೇಖಿಸಬೇಡಿ.

ಹಳ್ಳದದಂಡೆ

ಭಾರತದ ಕೊಂಡಿ ಏನಾದರೂ ಇದೆಯೇ?

ತಂತಿಸುದ್ದಿ

ಎರಡು ಇವೆ. ಶಾನ್‌ಬರ್ಗ್ ಕಾಂಬೋಡಿಯಾದಲ್ಲಿ ನೆಲೆ ನಿಲ್ಲುವ ಮೊದಲು ಟೈಮ್ಸ್‌ನ ದೆಹಲಿ ಕಚೇರಿಯ ಮುಖ್ಯಸ್ಥರಾಗಿದ್ದರು. 1971ರಲ್ಲಿ ಪಾಕಿಸ್ತಾನಿ ಸೇನೆ ಢಾಕಾದಲ್ಲಿ ನಡೆಸಿದ ಕೊಲೆಗಳನ್ನು ವರದಿ ಮಾಡಿ ಅಲ್ಲಿಂದ ಹೊರಹಾಕಿಸಿಕೊಂಡವರು.

ಇನ್ನೊಂದು, ಪ್ರಾನ್ ಊರಿನ ಪಕ್ಕದ ಆಂಗ್ಕೋರ್ ವಾಟ್. ಪಾಶ್ಚಾತ್ಯ ದೇಶಗಳು ಖ್ಮೇರ್ ರೂಜ್ ಕಡೆಯವರಿಗೇ ವಿಶ್ವಸಂಸ್ಥೆಯ ಕುರ್ಚಿ ಬಿಟ್ಟುಕೊಟ್ಟಿದ್ದಾಗ ಭಾರತ 1980ರಲ್ಲಿ ಹೊಸ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ಅದೇ ಸಂಬಂಧದಲ್ಲಿ ನಮ್ಮ ಪುರಾತತ್ವ ಇಲಾಖೆ 1986ರಿಂದ 1993ರವರೆಗೆ ಆ ದೇವಾಲಯದ ದುರಸ್ತಿ ಮಾಡಿತು. ನೆಲಬಾಂಬ್ ಇನ್ನೂ ಹೂತಿದ್ದ ಕಾಲ ಅದು.

ಮುಂಗಾರುಮೋಡ

ಸಿನಿಮಾ ಚಿತ್ರೀಕರಣ ಅಲ್ಲೇ ಆಯಿತೇ?

ರೀಲುಗಾರ

ಆಗ ಅಸಾಧ್ಯ. ಕಾಂಬೋಡಿಯಾದ ದೃಶ್ಯಗಳೆಲ್ಲ ಥಾಯ್ಲೆಂಡಿನಲ್ಲಿ. ಪತ್ರಕರ್ತರ ಹೋಟೆಲು ಹುವಾ ಹಿನ್ ಊರಿನ ರೈಲ್ವೆ ಹೋಟೆಲು, ಫ್ರೆಂಚ್ ರಾಯಭಾರ ಕಚೇರಿ ಫುಕೆಟ್‌ನ ಸರ್ಕಾರಿ ಕಟ್ಟಡ. ನಿಜದ ಹೋಟೆಲು ಫ್ನಾಮ್ ಪೆನ್‌ನಲ್ಲಿ ಈಗಲೂ ಇದೆ. ಅದರ ಎದುರು, 1970ರಿಂದ 1975ರ ಯುದ್ಧದಲ್ಲಿ ಸತ್ತ ಮತ್ತು ಕಾಣೆಯಾದ ಪತ್ರಕರ್ತರ ಸ್ಮಾರಕವನ್ನು 2013ರಲ್ಲಿ ನಿಲ್ಲಿಸಿದ್ದಾರೆ. ಅದರಲ್ಲಿ ಕಾಂಬೋಡಿಯಾದ ಪತ್ರಕರ್ತರ ಹೆಸರುಗಳೂ ಇವೆ.

ಹುಣಸೆಮರ

ಕತ್ತಲಕೋಣೆ ಸರ್, ಕೊನೆಯ ಪ್ರಶ್ನೆ. ಪ್ರಾನ್ ಆಮೇಲೆ ಏನು ಕೆಲಸ ಮಾಡಿದರು?

ಕತ್ತಲಕೋಣೆ

ಛಾಯಾಗ್ರಾಹಕ. 1980ರಲ್ಲಿ ನ್ಯೂಯಾರ್ಕ್ ಟೈಮ್ಸ್ ಸೇರಿ, ಆ ನಗರದ ಬೀದಿಗಳಲ್ಲಿ ಸುದ್ದಿಚಿತ್ರ ತೆಗೆದರು. ಕ್ಯಾಮೆರಾ ಹಿಡಿಯುವುದನ್ನು ಕಲಿತದ್ದು ಯುದ್ಧದ ದಿನಗಳಲ್ಲೇ, ಶಾನ್‌ಬರ್ಗ್ ಜೊತೆ ಓಡಾಡುವಾಗ. 1989ರಲ್ಲಿ ಕಾಂಬೋಡಿಯಾಕ್ಕೆ ಹೋಗಿ ಬಂದು ಬರೆದರು. 2008ರ ಮಾರ್ಚ್ 30ರಂದು ತೀರಿಕೊಂಡರು, ಶಾನ್‌ಬರ್ಗ್ 2016ರ ಜುಲೈನಲ್ಲಿ.

ಮೇಲೆ ಉಪ್ಪಿನ ಲೆಕ್ಕ ಹೇಳಿದ್ದೆನಲ್ಲ, ಅದಕ್ಕೊಂದು ತಿದ್ದುಪಡಿ. ಒಂದು ದಿನ ಎಂದದ್ದು 20-25 ಡಿಗ್ರಿಯ ನೀರಿಗೆ. 30ರಲ್ಲಿ ಇನ್ನೂ ಬೇಗ ಆಗುತ್ತದೆ, ಆದರೆ ಅಷ್ಟು ಹೊತ್ತು ಬಿಸಿ ನೀರಿನಲ್ಲಿದ್ದರೆ ಪೊರೆ ಕಳಚುವ ಅಪಾಯ. ಪ್ರಯೋಗ ಮಾಡಿ ನೋಡುವವರು ಮೊದಲು ಬೇಡದ ಪ್ರಿಂಟಿನ ಒಂದು ಮೂಲೆ ಕತ್ತರಿಸಿ ಅದ್ದಿ ನೋಡಿ.